ಜಾಝ್ ಇಲ್ಲದ ‘ಜಾಝ್ ಸಿಂಗರ್’

ಜಗತ್ತಿನ ಮೊದಲ ಟಾಕಿ ಚಿತ್ರ ಯಾವುದು? ಕ್ವಿಜ್ ಪುಸ್ತಕಗಳ ಸಿದ್ಧ ಉತ್ತರ ‘ದಿ ಜಾಝ್ ಸಿಂಗರ್’. 1927ರ ಅಕ್ಟೋಬರ್ 6ರಂದು ವಾರ್ನರ್ ಬ್ರದರ್ಸ್ ಅದನ್ನು ನ್ಯೂಯಾರ್ಕ್‌ನಲ್ಲಿ ತೆರೆಗೆ ತಂದದ್ದು ನಿಜ. ಆದರೆ ಸುಮಾರು ಒಂದೂವರೆ ಗಂಟೆಯ ಆ ಚಿತ್ರದಲ್ಲಿ ಮಾತು ಕಿವಿಗೆ ಬೀಳುವುದು ಎಲ್ಲ ಸೇರಿಸಿದರೂ ಎರಡು ನಿಮಿಷದಷ್ಟು. ಹಾಡುಗಳನ್ನು ಬಿಟ್ಟರೆ ಉಳಿದ ಸಂಭಾಷಣೆಯನ್ನೆಲ್ಲ ಮೂಕಿ ಚಿತ್ರದ ಹಾಗೆ ತೆರೆಯ ಮೇಲೆ ಓದಿಕೊಳ್ಳಬೇಕು. ಚಿತ್ರಕ್ಕೆ ಸಂಗೀತ ಹೊಂದಿಸುವ ಕೆಲಸವನ್ನೂ ಇದೇ ಕಂಪನಿ ಹಿಂದಿನ ವರ್ಷವೇ ‘ಡಾನ್ ಜುವಾನ್’ನಲ್ಲಿ ಮಾಡಿ ಮುಗಿಸಿತ್ತು. ಆರಂಭದಿಂದ ಕೊನೆಯವರೆಗೂ ಮಾತಾಡುವ ಕಥಾಚಿತ್ರ ಬಂದದ್ದು 1928ರ ಜುಲೈನಲ್ಲಿ: ‘ಲೈಟ್ಸ್ ಆಫ್ ನ್ಯೂಯಾರ್ಕ್’. ಚಿತ್ರ ತೀರಾ ಸಾಧಾರಣ. ಕ್ವಿಜ್ ಪುಸ್ತಕಗಳು ಅದನ್ನು ಮರೆತದ್ದಕ್ಕೆ ಅದೇ ಕಾರಣವಿರಬೇಕು.

ಇನ್ನು ‘ಜಾಝ್ ಸಿಂಗರ್’ನ ದನಿ ಫಿಲ್ಮಿನಿಂದ ಬರುತ್ತಿತ್ತು ಎಂದುಕೊಂಡರೆ ಅದೂ ತಪ್ಪೇ. ವೈಟಾಫೋನ್ ಎಂಬ ಆ ವ್ಯವಸ್ಥೆಯಲ್ಲಿ ಒಂದೊಂದು ರೀಲಿಗೂ 16 ಇಂಚಿನ ಒಂದು ಗ್ರಾಮಫೋನ್ ತಟ್ಟೆ. ಪ್ರೊಜೆಕ್ಟರಿಗೆ ಜೋಡಿಸಿದ ಯಂತ್ರದ ಮೇಲೆ ತಟ್ಟೆಯಿಟ್ಟು, ಗುರುತು ಹಾಕಿದ ಜಾಗಕ್ಕೇ ಸರಿಯಾಗಿ ಮುಳ್ಳು ಇಳಿಸಬೇಕು. ಮನೆಯ ಗ್ರಾಮಫೋನಿಗೆ ತದ್ವಿರುದ್ಧವಾಗಿ ಮುಳ್ಳು ಒಳಗಿನಿಂದ ಅಂಚಿನತ್ತ ಸಾಗುತ್ತಿತ್ತು. ನಡುವೆ ಒಂದು ಗೆರೆ ಹಾರಿತೋ, ತುಟಿಯೊಂದು ಕಡೆ, ಮಾತೊಂದು ಕಡೆ.

ಹೆಸರಿನಲ್ಲಿರುವ ಜಾಝ್ ಆದರೂ ಚಿತ್ರದಲ್ಲಿದೆಯೇ? ಯಹೂದಿ ಪ್ರಾರ್ಥನಾಮಂದಿರದ ಗಾಯಕನ ಮಗ ಅಪ್ಪನ ಮಾತು ಮೀರಿ ರಂಗದ ಹಾಡುಗಾರನಾಗುವ ಕಥೆ ಇದು. ನಾಯಕ ಆಲ್ ಜೋಲ್ಸನ್ ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ಹಾಡುಗಳು ಅಂದಿನ ಬ್ರಾಡ್‌ವೇ ಶೈಲಿಯವು. ಇಂದಿನ ಕೇಳುಗರು ಅವನ್ನು ಜಾಝ್ ಎನ್ನಲಾರರು. ಆ ಹೊತ್ತಿಗೆ ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಷಿಕಾಗೊದಲ್ಲಿ ತನ್ನ ‘ಹಾಟ್ ಫೈವ್’ ತಂಡ ಕಟ್ಟಿಕೊಂಡು, 1925ರಿಂದಲೇ ಧ್ವನಿಮುದ್ರಿಸುತ್ತಿದ್ದ. ಆ ತಟ್ಟೆಗಳನ್ನು ಗ್ರಾಮಫೋನ್ ಕಂಪನಿ ಮಾರಿದ್ದು ಕಪ್ಪು ಜನರಿಗೆಂದೇ ಬೇರೆಯಿಟ್ಟ ಪಟ್ಟಿಯಲ್ಲಿ. ‘ಜಾಝ್ ದೊರೆ’ ಎಂಬ ಬಿರುದು ಹೋದದ್ದು ಬಿಳಿಯ ವಾದ್ಯವೃಂದದ ನಾಯಕ ಪಾಲ್ ವೈಟ್‌ಮನ್‌ಗೆ. 1917ರಲ್ಲಿ ಬಂದ, ಮೊದಲ ಜಾಝ್ ತಟ್ಟೆ ಎನ್ನಿಸಿಕೊಂಡದ್ದೂ ಬಿಳಿಯರ ತಂಡದ್ದೇ. ಸಂಗೀತ ಹುಟ್ಟಿಸಿದವರು ಯಾರು, ಹೆಸರು ಯಾರಿಗೆ ಎಂಬುದನ್ನು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಜಾಝ್ ಬಂದು ಬಣ್ಣದ ಗೋಡೆಯನ್ನು ಕೆಡವಿತು ಎಂಬ ನಂಬಿಕೆಯೂ ಇದೆ. ‘ಜಾಝ್ ಸಿಂಗರ್’ ತೆರೆಕಂಡ ಎರಡು ತಿಂಗಳಿಗೆ ಕಪ್ಪು ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ ನ್ಯೂಯಾರ್ಕ್‌ನ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸತೊಡಗಿದ. ವೇದಿಕೆಯ ಮೇಲೆ ಕಪ್ಪು ಕಲಾವಿದರು. ಮೇಜುಗಳಲ್ಲಿ ಬಿಳಿಯರು ಮಾತ್ರ. ಕಪ್ಪು ಜನರ ಬಡಾವಣೆಯ ನಟ್ಟನಡುವಿದ್ದ ಕ್ಲಬ್ಬಿಗೆ ಅಕ್ಕಪಕ್ಕದ ಮನೆಯವರಿಗೇ ಪ್ರವೇಶವಿರಲಿಲ್ಲ. ಒಳಾಲಂಕಾರವೋ, ಗುಲಾಮಗಿರಿಯ ಕಾಲದ ದಕ್ಷಿಣದ ತೋಟಗಳನ್ನು ನೆನಪಿಸುವಂಥದ್ದು. (ಪಾನನಿಷೇಧದ ಆ ವರ್ಷಗಳಲ್ಲಿ, ಅಂದರೆ 1920ರಿಂದ 1933ರವರೆಗೆ, ಕುಡಿಯುವುದೇ ಅಪರಾಧವಾಗಿತ್ತು ಎನ್ನುವವರಿದ್ದಾರೆ. ಅಲ್ಲ: ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧ. ಕ್ಲಬ್ಬಿನ ಮಾಲೀಕ ಓನಿ ಮ್ಯಾಡನ್ ಅದಷ್ಟನ್ನೇ ಮಾಡುತ್ತಿದ್ದ.)

ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿದ್ದವು ಅನ್ನುವಂತಿಲ್ಲ. ಕಾಟನ್ ಕ್ಲಬ್ ಇದ್ದ ಲೆನಾಕ್ಸ್ ಅವೆನ್ಯೂದಲ್ಲೇ, ಕಾಲ್ನಡಿಗೆಯ ದೂರದಲ್ಲಿ, 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಇತ್ತು. ಅಲ್ಲಿ ಕಪ್ಪು ಬಿಳಿ ಎನ್ನದೆ ಎಲ್ಲರೂ ಒಂದೇ ನೆಲದ ಮೇಲೆ ಕುಣಿದರು. ಲಿಂಡಿ ಹಾಪ್ ಕುಣಿತಕ್ಕೆ ಹೆಸರು ತಂದುಕೊಟ್ಟ ಜಾಗ ಅದು.