ಫಿರಂಗಿ ಎಳೆದ ಎತ್ತು, ಇದ್ದಿಲು ಉಂಡ ಮೋಟಾರು

ಯುದ್ಧವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಫಿರಂಗಿ, ಟ್ಯಾಂಕು, ವಿಮಾನ. ಅವುಗಳ ಹಿಂದೆ ಮದ್ದುಗುಂಡು, ಅಕ್ಕಿಹಿಟ್ಟು, ಹುಲ್ಲುಹುರುಳಿ ಹೊತ್ತು ಬರುವ ಬಂಡಿಯನ್ನು ನೆನೆಯುವವರು ವಿರಳ. ಆದರೆ ಯುದ್ಧ ಒಂದೆರಡು ವರ್ಷಕ್ಕೆ ಮುಗಿಯದೆ ಎಳೆದಾಡತೊಡಗಿದಾಗ ಸೇನಾಪತಿಗಳ ನಿದ್ರೆಗೆಡಿಸುವುದು ಈ ಬಂಡಿಯ ಚಿಂತೆಯೇ. ಹೊಸ ವಾಹನ ಬಂದಷ್ಟೂ ಸಾಲದು, ಇದ್ದುದು ಸವೆಯುತ್ತದೆ, ಕೊನೆಗೆ ಮೂಲೆಗೆ ಸರಿಸಿದ್ದ ಹಳೆಯದೇ ಮತ್ತೆ ನೊಗಕ್ಕೆ ಹೆಗಲು ಕೊಡುತ್ತದೆ.

ಎರಡನೆಯ ಮಹಾಯುದ್ಧದ ಜರ್ಮನಿಯನ್ನೇ ನೋಡಿ. ಯಂತ್ರಬಲದ ಸೈನ್ಯವೆಂದು ಲೋಕವೆಲ್ಲ ಅದಕ್ಕೆ ಅಂಜಿತ್ತು. ಆ ಸೈನ್ಯ 1941ರ ಜೂನ್‌ನಲ್ಲಿ ರಷ್ಯದ ಮೇಲೆ ನುಗ್ಗಿದಾಗ ಅದರ ಜೊತೆಯಲ್ಲಿ 6 ಲಕ್ಷಕ್ಕೂ ಮಿಕ್ಕಿ ಕುದುರೆಗಳಿದ್ದವು. ಲಾರಿಗಳಲ್ಲಿಯೂ ಎಷ್ಟೋ ಫ್ರಾನ್ಸ್ ಮೊದಲಾದ ಸೋತ ದೇಶಗಳಿಂದ ಹಿಡಿದು ತಂದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಒಗ್ಗದು. ಯುದ್ಧದ ಕೊನೆಕೊನೆಗೆ ಪೆಟ್ರೋಲು ಬತ್ತಿದಾಗ ಸೌದೆಯ ಅನಿಲದಿಂದ ಓಡುವ ಲಾರಿಗಳು ಬೀದಿಗಿಳಿದವು.

ನಮ್ಮ ರಸ್ತೆಗಳಲ್ಲಿ

ಇದು ಕೇವಲ ದೂರದೇಶದ ಸುದ್ದಿಯಲ್ಲ. ಯುದ್ಧದ ಬಿಸಿ ಹಾಸನದ ಸೀಮೆಯನ್ನೂ ಮುಟ್ಟಿತ್ತು. 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಮಲಯ ಜಪಾನೀಯರ ಕೈಸೇರಿ ರಬ್ಬರು ಹೋಯಿತು; ಬರ್ಮದ ಎಣ್ಣೆಯ ಬಾವಿಗಳೂ ಕೈಬಿಟ್ಟವು. ಹೊಸ ಲಾರಿ, ಹೊಸ ಟೈರು, ಎಲ್ಲವೂ ಮೊದಲು ಸೈನ್ಯಕ್ಕೆ. ಜನಸಾಮಾನ್ಯರ ಪಾಲಿಗೆ ಉಳಿದದ್ದು ಹಳೆಯ ಮೋಟಾರುಗಳು. ಅವುಗಳ ಬೆನ್ನಿಗೆ ಇದ್ದಿಲಿನ ಒಲೆ ಏರಿದ್ದು ಆಗಲೇ.

ಈ ಇದ್ದಿಲು ಬಸ್ಸಿನ ತಂತ್ರ ಬಲು ಸರಳ. ಉದ್ದನೆಯ ಕಬ್ಬಿಣದ ಪೀಪಾಯಿಯಲ್ಲಿ ಇದ್ದಿಲು ತುಂಬಿ ಬೆಂಕಿ ಕೊಡುವುದು. ಗಾಳಿಯನ್ನು ಮಾತ್ರ ಕಡಮೆ ಬಿಡುವುದು. ಅರೆಬರೆ ಉರಿದ ಇದ್ದಿಲಿನಿಂದ ಉರಿಯಬಲ್ಲ ಒಂದು ಅನಿಲ ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ, ಎಂಜಿನ್ನಿಗೆ ಊಡಿದರೆ ಗಾಡಿ ನಡೆಯುತ್ತದೆ. ಆದರೆ ಪೆಟ್ರೋಲಿನ ಕಸುವು ಇದಕ್ಕೆಲ್ಲಿ ಬರಬೇಕು? ಹೊರಡುವ ಮುನ್ನ ಬಹಳ ಹೊತ್ತು ಬೆಂಕಿ ಊದಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಒಮ್ಮೊಮ್ಮೆ ಹೆಗಲನ್ನೂ ಕೊಡಬೇಕು. ಸೋಸುವ ಚೀಲದಲ್ಲಿ ಬೂದಿ ಕಟ್ಟಿತೋ, ಗಾಡಿ ನಡುದಾರಿಯಲ್ಲೇ ನಿಂತಿತು. ಹಳೆಯ ಮೈಸೂರಿನ ಹಿರಿಯರ ಬಾಯಲ್ಲಿ ಈ ಬಸ್ಸಿನ ಪ್ರಯಾಣ ಬಹುಕಾಲ ನಗೆಯ ವಸ್ತುವಾಗಿತ್ತು. ಅಂದು ಬುತ್ತಿ ಕಟ್ಟಿಕೊಂಡು ಹೊರಟವರಿಗೆ ಅದು ನಗುವ ಮಾತಾಗಿರಲಾರದು.

ಆಗ ಹಾಸನವೂ ಹೊಳೆನರಸೀಪುರವೂ ಮೈಸೂರು–ಅರಸೀಕೆರೆ ರೈಲುಮಾರ್ಗದ ಮೇಲಿದ್ದವು. ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ರೈಲಿರಲಿಲ್ಲ. ಸ್ಟೇಷನ್ನಿನಲ್ಲಿಳಿದ ಉಪ್ಪು, ಸೀಮೆಎಣ್ಣೆ, ಬಟ್ಟೆ ಆ ಊರುಗಳನ್ನು ಸೇರಬೇಕಾದರೆ ಮೋಟಾರು, ಅದು ಕೈಕೊಟ್ಟರೆ ಎತ್ತಿನ ಗಾಡಿ. ಗಾಡಿಗೆ ಪೆಟ್ರೋಲು ಬೇಡ, ರಬ್ಬರು ಬೇಡ. ಅಚ್ಚು ಮುರಿದರೆ ಊರ ಬಡಗಿ ಉಂಟು. ಚಕ್ರದ ಪಟ್ಟಿ ಸಡಿಲಿದರೆ ಕಮ್ಮಾರ ಉಂಟು. ಮೇವು ಹೊಲದ ಬದುವಿನಲ್ಲೇ ಉಂಟು. ಯಂತ್ರ ಸೋತಲ್ಲಿ ಎತ್ತು ಗೆದ್ದ ಗುಟ್ಟು ಇಷ್ಟೆ: ಅದನ್ನು ನಡೆಸಲು ಬೇಕಾದುದೆಲ್ಲ ಊರಿನಲ್ಲೇ ಸಿಕ್ಕುತ್ತಿತ್ತು.

ಮೈಸೂರಿನ ಸೈನ್ಯದ ಲಾರಿ

ಈ ಎತ್ತಿನ ಕುಲದ ಕಥೆಯೇ ಒಂದು ಯುದ್ಧಕಥೆ. ಮೈಸೂರು ಅರಸರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಹೈದರನು ಅಲ್ಲಿಯ ದನಗಳ ಯೋಗ್ಯತೆಯನ್ನು ಕಂಡು ಅವುಗಳನ್ನು ಫಿರಂಗಿಗೆ ಕಟ್ಟಿದನು. ಟಿಪ್ಪುವು ಆ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನೇ ಹೊರಡಿಸಿದನು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ತಳಿಗಳಿಂದ ಬೆಳೆದ ಹಿಂಡು ಇದು. ನೀಳವಾದ ಮೊನಚು ಕೊಂಬು, ಬಿಗಿದ ಮೈ, ಬೆದರಿದ ಕಣ್ಣು. ಹೊಸಬರು ಹತ್ತಿರ ಸುಳಿಯುವಂತಿಲ್ಲ. ಆದರೆ ಪಳಗಿ ನೊಗಕ್ಕೆ ಬಂದಿತೋ, ಕಾಲಾಳಿಗಿಂತ ವೇಗವಾದ ನಡಿಗೆ.

1781ರಲ್ಲಿ ಚಿದಂಬರದ ರಕ್ಷಣೆಗೆ ಹೊರಟ ಹೈದರನು ಈ ಎತ್ತುಗಳ ಬಲದಿಂದ 100 ಮೈಲಿಗಳನ್ನು ಎರಡೂವರೆ ದಿನದಲ್ಲಿ ಕ್ರಮಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅದೇ ವರ್ಷದ ಜುಲೈ 1ರಂದು ಪೋರ್ಟೋ ನೋವೋ ಕಾಳಗದಲ್ಲಿ ಅವನಿಗೆ ಸೋಲಾಯಿತು. ಆದರೂ ಫಿರಂಗಿಗಳನ್ನು ಶತ್ರುವಿನ ಕೈಗೆ ಬಿಡದೆ ಎಳೆದೊಯ್ದನು. ಸೋತ ಸೈನ್ಯ ಮರುದಿನವೂ ಸೈನ್ಯವಾಗಿ ಉಳಿದುದು ಎತ್ತುಗಳ ಪುಣ್ಯದಿಂದ.

ಇನ್ನು ಎತ್ತು ಸತ್ತರೆ ಏನಾಗುವುದೆಂಬುದಕ್ಕೆ ಸಾಕ್ಷಿ ಎದುರುಪಕ್ಷದ್ದೇ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದಿದ್ದನು. ಯುದ್ಧದಲ್ಲಿ ಮೇಲುಗೈಯೂ ಆಗಿತ್ತು. ಆದರೆ ಮೇವಿಲ್ಲದೆ, ಮಳೆಗೆ ಸಿಕ್ಕಿ, ರೋಗ ತಗುಲಿ ಅವನ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆಯೊಡೆಯಲೆಂದು ತಂದ ಭಾರಿ ಫಿರಂಗಿಗಳನ್ನು ತನ್ನ ಕೈಯಿಂದಲೇ ಕೆಡಿಸಿ ಅವನು ಹಿಂದಿರುಗಬೇಕಾಯಿತು. ಮುಂದೆ ಅವನು ಚೇತರಿಸಿಕೊಂಡದ್ದು ಎತ್ತಿನ ಬೆನ್ನ ಮೇಲೆ ಧಾನ್ಯ ಹೇರಿಕೊಂಡು ಬರುತ್ತಿದ್ದ ಲಂಬಾಣಿಗಳ ನೆರವಿನಿಂದ. 1792ರಲ್ಲಿ ಅವನು ಮತ್ತೆ ಬಂದು ಟಿಪ್ಪುವನ್ನು ಸಂಧಿಗೆ ಒಪ್ಪಿಸಿದ ಕಥೆ ಎಲ್ಲರಿಗೂ ಗೊತ್ತು. ಅದರ ಹಿಂದಿನ ಹೇರೆತ್ತಿನ ಸಾಲು ಎಷ್ಟು ಜನಕ್ಕೆ ಗೊತ್ತು?

ಮಾರಿದರು, ಮತ್ತೆ ಕಟ್ಟಿದರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಸು ಬದಲಾಯಿತು. ಎತ್ತುಗಳ ಚಾಕರಿ ಬದಲಾಗಲಿಲ್ಲ. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ 1803ರ ಮರಾಠ ಯುದ್ಧದಲ್ಲಿ ಇವನ್ನೇ ನಂಬಿ ನಡೆದನು. ನಡುವೆ ಹಿಂಡು ಕ್ಷೀಣಿಸಿತು. 1813ರಲ್ಲಿ ಕಂಪನಿಯ ಸೇನಾ ಸರಬರಾಯಿ ಇಲಾಖೆಯ ಅಧಿಕಾರಿಯೊಬ್ಬನು ಅದನ್ನು ವಹಿಸಿಕೊಂಡನು. ಹುಣಸೂರಿನಲ್ಲಿ ದೊಡ್ಡ ಡಿಪೋ ಏರ್ಪಟ್ಟಿತು.

1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ನನಿಗೆ ಇದು ದಂಡದ ಖರ್ಚೆಂದು ತೋರಿತು. ಶತಮಾನಕ್ಕೂ ಹೆಚ್ಚು ಕಾಲ ಆರಿಸಿ ಬೆಳೆಸಿದ ಹಿಂಡು ಮಾರಾಟವಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಫಿರಂಗಿ ಎಳೆಯಲು ಯೋಗ್ಯವಾದ ಎತ್ತು ಸಿಕ್ಕದಾಯಿತು. 1866ರಲ್ಲಿ ಅದೇ ಸರಕಾರ ಅಮೃತ ಮಹಲನ್ನು ಮತ್ತೆ ಕಟ್ಟತೊಡಗಿತು. ಮುಂದೆ 1880ರ ದಶಕದಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಸೇರಿತು. ಹಳೆಯದನ್ನು ಮಾರುವುದು ಒಂದು ದಿನದ ಹರಾಜಿನ ಕೆಲಸ. ಮರಳಿ ಪಡೆಯಲು ಹಣವಿದ್ದರೂ ಸಾಲದು, ಕರು ಬೆಳೆದು ಎತ್ತಾಗುವವರೆಗೆ ಕಾಯಬೇಕು.

ಎತ್ತು ಇದ್ದ ಮಾತ್ರಕ್ಕೆ ಕೆಲಸವಾಗುವುದೆಂದೂ ಅಲ್ಲ. 1944ರಲ್ಲಿ ಇಂಫಾಲದತ್ತ ಹೊರಟ ಜಪಾನಿನ ಸೇನಾಪತಿ ಮುತಗುಚಿ, ಲಾರಿ ಸಾಲದೆ ಬರ್ಮದ ಸಾವಿರಾರು ದನಗಳ ಮೇಲೆ ಹೊರೆ ಹೇರಿಸಿದನು. ಹೊತ್ತು ಸೋತ ಮೇಲೆ ಅವನ್ನೇ ತಿನ್ನಬಹುದೆಂಬ ಲೆಕ್ಕ. ಗದ್ದೆ ಉಳುತ್ತಿದ್ದ ಆ ದನಗಳಿಗೆ ಹೊರೆಯೂ ಹೊಸದು, ಬೆಟ್ಟದ ದಾರಿಯೂ ಹೊಸದು. ಚಿಂದ್ವಿನ್ ನದಿಯಲ್ಲಿ ಕೆಲವು ಮುಳುಗಿದವು, ಕಣಿವೆಗಳಲ್ಲಿ ಕೆಲವು ಬಿದ್ದವು. ಸೈನ್ಯ ಹಸಿವಿನಿಂದ ಕಂಗೆಟ್ಟು ಹಿಂದಿರುಗಿತು. ಪ್ರಾಣಿಯಾಗಲಿ ಯಂತ್ರವಾಗಲಿ, ಅದನ್ನು ಬಲ್ಲ ಕೈಯೂ ಅದಕ್ಕೊಪ್ಪುವ ಕೆಲಸವೂ ಕೂಡಿದಾಗಲೇ ಹಳೆಯದು ನೆರವಾಗುತ್ತದೆ.

ಕಾವಲು ಎಂಬ ಮಾತು

ಈ ಎತ್ತುಗಳಿಗೆ ಪೆಟ್ರೋಲು ಬಂಕಿನಂತಿದ್ದುದು ‘ಕಾವಲು’. ದನ ಮೇಯಲೆಂದು ಕಾದಿರಿಸಿದ ಹುಲ್ಲುಗಾವಲು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳಲ್ಲಿ ಅಮೃತ ಮಹಲ್ ಕಾವಲುಗಳು ಹರಡಿದ್ದವು. ಬೇಸಗೆಗೆ ಕೆರೆಯಂಗಳದ ಹಸಿರೂ ಮರದ ನೆರಳೂ ಇರುವ ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಋತುವಿನೊಡನೆ ಹಿಂಡೂ ಕಾವಲುಗಾರನೂ ಊರಿಂದೂರಿಗೆ ಸಾಗಬೇಕು. ಚನ್ನರಾಯಪಟ್ಟಣದ ಕಡೆಯ ಬೂಕನಬೆಟ್ಟದ ಜಾತ್ರೆಯಲ್ಲಿ ಇಂದಿಗೂ ಹಳ್ಳಿಕಾರ ಜೋಡಿಗಳ ಮೈ ತಟ್ಟಿ, ಹಲ್ಲು ಎಣಿಸಿ, ಬೆಲೆ ಕಟ್ಟುವ ರೈತರು ಫಿರಂಗಿಯ ಹೆಸರೆತ್ತುವುದಿಲ್ಲ; ಆದರೆ ಅವರ ಕೈ ಹುಡುಕುವ ಲಕ್ಷಣಗಳು ಬಹುಮಟ್ಟಿಗೆ ಅಂದಿನವೇ.

ಅಮೃತ ಮಹಲ್ ತಳಿ ಈಗ ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿಯೂ ಕೆಲವು ಹಳ್ಳಿಗಳಲ್ಲಿಯೂ ಉಳಿದಿದೆ. ಕಾವಲುಗಳು ಮಾತ್ರ ಒಂದೊಂದಾಗಿ ಹೊಲವಾಗಿ, ನಿವೇಶನವಾಗಿ ಕರಗಿವೆ. ಚಳ್ಳಕೆರೆಯ ಬಳಿ ಸುಮಾರು 10,000 ಎಕರೆ ಕಾವಲು ಭೂಮಿಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. 2017ರಲ್ಲಿ ಅಲ್ಲಿ ಚಾಲಕನಿಲ್ಲದ ವಿಮಾನಗಳ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಸೈನ್ಯದ ಎತ್ತು ಮೇದ ನೆಲದ ಮೇಲೆ ಸೈನ್ಯದ ಹೊಸ ವಾಹನ ಹಾರುತ್ತಿದೆ. ಸುತ್ತಲ ಹಳ್ಳಿಯವರ ದನಕುರಿಗಳಿಗೆ ಬೇಲಿ ಅಡ್ಡ ಬಂದಿದೆ.

ದೇಶಕ್ಕೆ ಹೊಸ ವಾಹನ ಬೇಡವೆನ್ನುವವರಾರು? ಆದರೆ ಹೊಸದು ಬಂತೆಂದು ಹಳೆಯದರ ಬೀಜವನ್ನೇ ಅಳಿಸುವ ಮೊದಲು 1860ರ ಹರಾಜನ್ನೊಮ್ಮೆ ನೆನೆಯುವುದು ಒಳ್ಳೆಯದು. ಅಂದು ಆರು ವರ್ಷಗಳಲ್ಲಿ ತಪ್ಪನ್ನು ತಿದ್ದಲು ಸಾಧ್ಯವಾದುದು ಹಿಂಡು ಮಾರಾಟವಾದರೂ ತಳಿ ಅಳಿದಿರಲಿಲ್ಲವಾಗಿ, ಹುಲ್ಲು ಬೆಳೆಯುವ ಕಾವಲು ಉಳಿದಿತ್ತಾಗಿ. ಹುಲ್ಲಿನ ನೆಲವೇ ಹೋದ ಮೇಲೆ, ಬೇಕೆಂದರೂ ಹಿಂಡನ್ನು ಎಲ್ಲಿ ಕಟ್ಟುವುದು?