ವಿಸ್ಕಿಯ ಪರೀಕ್ಷೆ: ಮರ, ಹವೆ, ನಾಲಗೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಅಡಕೆ ವ್ಯಾಪಾರವನ್ನು ಬಲ್ಲವರಿಗೆ ಈ ನೋಟ ಹೊಸದಲ್ಲ. ವ್ಯಾಪಾರಿಯು ಚೀಲದೊಳಗೆ ಕೈಯಿಟ್ಟು ಒಂದು ಹಿಡಿ ಅಡಕೆಯನ್ನು ತೆಗೆಯುತ್ತಾನೆ, ಬಣ್ಣ ನೋಡುತ್ತಾನೆ, ಒಂದೆರಡನ್ನು ಅಡಕತ್ತರಿಯಿಂದ ಸೀಳಿ ಒಳಗನ್ನು ನೋಡುತ್ತಾನೆ, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ತೀರ್ಪು ಹೇಳಿಬಿಡುತ್ತಾನೆ. ಅವನ ಬಳಿ ತಕ್ಕಡಿಯೊಂದನ್ನುಳಿದು ಬೇರೆ ಉಪಕರಣವಿಲ್ಲ. ಆದರೂ ಆ ತೀರ್ಪಿನ ಮೇಲೆ ಒಂದು ಸಂಸಾರದ ವರ್ಷದ ಆದಾಯವು ನಿಂತಿರುತ್ತದೆ. ಹೀಗೆ ಇಂದ್ರಿಯಗಳನ್ನೇ ಉಪಕರಣವನ್ನಾಗಿ ಮಾಡಿಕೊಂಡು ಪದಾರ್ಥಕ್ಕೆ ಬೆಲೆ ಕಟ್ಟುವ ಕೆಲಸವು ಕಾಫಿಯಲ್ಲಿಯೂ ಉಂಟು, ಚಹದಲ್ಲಿಯೂ ಉಂಟು. ಆದರೆ ಅದು ಅತ್ಯಂತ ಆಡಂಬರದಿಂದ ನಡೆಯುವುದು ವಿಸ್ಕಿಯ ವಿಷಯದಲ್ಲಿ. ಕುಡಿಯಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಪರೀಕ್ಷೆಯ ಕೆಲಸದ ಬಹುಭಾಗವನ್ನು ಮೂಗೇ ಮಾಡುತ್ತದೆ, ಬಾಯಿಗೆ ಹಾಕಿಕೊಂಡುದನ್ನು ಉಗುಳಿಬಿಡುವುದೂ ವಾಡಿಕೆಯೇ. ನಮಗೆ ಬೇಕಾದುದು ಒಂದೇ ಪ್ರಶ್ನೆ. ಸೀಸೆಯ ಮೇಲೆ ಬರೆದ ವಯಸ್ಸನ್ನೂ ಊರನ್ನೂ ನಂಬಬೇಕೇ, ಇಲ್ಲವೆ ಬಟ್ಟಲಿನೊಳಗಿರುವುದನ್ನು ನಂಬಬೇಕೇ?

ಈ ಪ್ರಶ್ನೆಯು ಕನ್ನಡನಾಡಿಗೆ ಹೊರಗಿನದೆಂದು ವಾಚಕರು ಭಾವಿಸಬಾರದು. ಬೆಂಗಳೂರಿನಲ್ಲಿ 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಅಮೃತ್ ಎಂಬ ಭಟ್ಟಿಯ ಕಾರಖಾನೆಯನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ವಿಸ್ಕಿಯೆಂಬ ಹೆಸರಿನಿಂದ ಮಾರಾಟವಾಗುವ ಮದ್ಯದಲ್ಲಿ ಬಹುಪಾಲಿಗೆ ಮೂಲವಾದುದು ಸಕ್ಕರೆ ಕಾರಖಾನೆಯ ಕಾಕಂಬಿ. ಧಾನ್ಯದಿಂದ ತೆಗೆಯದ ಮದ್ಯವನ್ನು ಯೂರೋಪಿನ ಒಕ್ಕೂಟವು ವಿಸ್ಕಿಯೆಂದು ಒಪ್ಪುವುದೇ ಇಲ್ಲ. ಇಂಥ ಹಿನ್ನೆಲೆಯಿಂದ ಬಂದ ಕಾರಖಾನೆಯು, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ತಯಾರಿಸಿದ ವಿಸ್ಕಿಯನ್ನು 2004ರ ಆಗಸ್ಟ್ ತಿಂಗಳಿನಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಮೈಸೂರಿನ ಮಲ್ಲಿಗೆಯನ್ನು ಮೈಸೂರಿಗೇ ಮಾರಲು ಹೋದಂತೆ! ಅದಕ್ಕೆ ಮೊದಲೇ ಅಲ್ಲಿಯ ಜನರಿಗೆ ಹೆಸರನ್ನು ಮರೆಮಾಡಿ ರುಚಿ ನೋಡಲು ಕೊಟ್ಟಿದ್ದರು. ಸ್ಕಾಟ್‌ಲೆಂಡಿನ ಹಳೆಯ ವಿಸ್ಕಿಯೇ ಇದೆಂದು ಭಾವಿಸಿದವರುಂಟು. ಹೆಸರು ತಿಳಿದ ಬಳಿಕ ಅನುಮಾನ ಪಡುವವರಿಗೂ ಕೊರತೆಯಿರಲಿಲ್ಲ. ನಾಲ್ಕೈದು ವರ್ಷವಷ್ಟೇ ಪೀಪಾಯಿಯಲ್ಲಿದ್ದ, ಉಷ್ಣದೇಶದ ಮದ್ಯವು ಹನ್ನೆರಡು ವರ್ಷದ ಸ್ಕಾಚ್‌ಗೆ ಸಮನಾಗುವುದೆಂತು?

ಸಮನಾಗಬಹುದೇ ಎಂಬುದನ್ನು ನೋಡಬೇಕಾದರೆ ಪೀಪಾಯಿಯೊಳಗೆ ನಡೆಯುವುದೇನೆಂಬುದನ್ನು ಅರಿಯಬೇಕು. ಮೊಳಕೆಯೊಡೆದ ಬಾರ್ಲಿಯನ್ನು ಒಣಗಿಸಿ, ಪುಡಿಮಾಡಿ, ಬಿಸಿನೀರಿನಲ್ಲಿ ಅದರ ಸಕ್ಕರೆಯನ್ನು ಇಳಿಸಿ, ಹುದುಗುಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿಯಿಳಿಸಿದರೆ ದೊರೆಯುವ ದ್ರವಕ್ಕೆ ನೀರಿನಂತೆ ಬಣ್ಣವೇ ಇರುವುದಿಲ್ಲ. ಅದರ ಹೊನ್ನಬಣ್ಣವೂ ಪರಿಮಳದ ದೊಡ್ಡ ಪಾಲೂ ಮರದಿಂದ ಬಂದವು. ಮರವೆಂದರೆ ಓಕ್. ಬಿಳಿ ಓಕ್ ಮರದ ನಾಳಗಳಲ್ಲಿ ತೆಳುಪೊರೆಗಳು ಬೆಳೆದು ಅಡ್ಡಗಟ್ಟುವುದರಿಂದ ದ್ರವವು ಸೋರುವುದಿಲ್ಲ. ಆದರೆ ಆವಿಯು ಮೆಲ್ಲಮೆಲ್ಲನೆ ಹೊರಬೀಳುತ್ತದೆ, ಹೊರಗಿನ ಗಾಳಿಯು ಒಳಗೆ ಸೇರುತ್ತದೆ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ. ಆ ಕಾವಿಗೆ ಮರದ ಲಿಗ್ನಿನ್ ಎಂಬ ಪದಾರ್ಥವು ಒಡೆದು ವೆನಿಲಿನ್ ಆಗುತ್ತದೆ. ಒಂದು ಕಾಲದಲ್ಲಿ ಮಲೆನಾಡಿನ ಅಡಕೆ ತೋಟಗಳಲ್ಲಿ ಆಸೆಯಿಂದ ಹಬ್ಬಿಸಿದ ವೆನಿಲ್ಲಾ ಬಳ್ಳಿಯ ಕಾಯಿಯಲ್ಲಿರುವ ಪರಿಮಳದ್ರವ್ಯವೇ ಅದು. ಓಕಿನಲ್ಲಿ ಟ್ಯಾನಿನ್ ಸಹ ಉಂಟು. ಅದರ ರುಚಿ ಹೇಗೆಂದು ಮಲೆನಾಡಿಗರಿಗೆ ವಿವರಿಸಬೇಕಾಗಿಲ್ಲ. ಅಡಕೆ ಬೇಯಿಸಿದ ಚೊಗರಿನ ಒಗರು ಅದೇ ಜಾತಿಯದು. ಟ್ಯಾನಿನ್ ನಾಲಗೆಯ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಟ್ಟಿಮಾಡುವುದರಿಂದ ಬಾಯಿ ಒಣಗಿದಂತಾಗುತ್ತದೆ. ಇದು ಮಿತಿಮೀರಿದರೆ ವಿಸ್ಕಿಯು ಮರದ ಕಷಾಯವಾಗುತ್ತದೆ.

ಇನ್ನು ಹವೆಯ ಪಾತ್ರ. ಅಮೆರಿಕದ ಸಾಧಾರಣ ಪೀಪಾಯಿಯೊಂದರಲ್ಲಿ 200 ಲೀಟರ್ ಹಿಡಿಯುತ್ತದೆ. ಶೇಕಡಾ 60ರಷ್ಟು ಮದ್ಯಸಾರವುಳ್ಳ ಅಷ್ಟು ದ್ರವದ ಉಷ್ಣತೆಯು 10 ಡಿಗ್ರಿ ಏರಿದರೆ ಅದು ಸುಮಾರು ಒಂದೂಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದಾಗ ಮರದೊಳಕ್ಕೆ ಇಳಿಯುತ್ತದೆ, ಕುಗ್ಗಿದಾಗ ಮರದ ಸತ್ವವನ್ನು ಹೊತ್ತು ಹಿಂದಿರುಗುತ್ತದೆ. ಬೇಸಿಗೆಯಿಂದ ಚಳಿಗಾಲಕ್ಕೆ, ಚಳಿಗಾಲದಿಂದ ಬೇಸಿಗೆಗೆ ಪೀಪಾಯಿಯು ಉಸಿರಾಡುತ್ತದೆಯೆಂದು ಕೆಲಸಗಾರರು ಹೇಳುವ ಮಾತಿನ ಭೌತಿಕ ಅರ್ಥವಿದು. ಸಣ್ಣ ಪೀಪಾಯಿಯಲ್ಲಿ ಈ ವ್ಯವಹಾರವು ಹೆಚ್ಚು. 500 ಲೀಟರಿನ ಪೀಪಾಯಿಗಿಂತ 200 ಲೀಟರಿನದರಲ್ಲಿ ಪ್ರತಿ ಲೀಟರಿಗೆ ತಗಲುವ ಮರದ ಮೈಯು ಮೂರನೆಯ ಒಂದು ಪಾಲಿಗಿಂತ ತುಸು ಅಧಿಕವಾಗಿಯೇ ಇರುತ್ತದೆ.

ಆದರೆ ಇದಕ್ಕೆ ತೆರಬೇಕಾದ ತೆರಿಗೆಯುಂಟು. 10 ಡಿಗ್ರಿಯಲ್ಲಿ ಮದ್ಯಸಾರದ ಆವಿಯ ಒತ್ತಡವು ಸುಮಾರು 24 ಮಿಲಿಮೀಟರ್ ಪಾದರಸದಷ್ಟು. 25 ಡಿಗ್ರಿಯಲ್ಲಿ ಸುಮಾರು 59. ಎಂದರೆ ತಣ್ಣಗಿರುವ ಸ್ಕಾಟ್‌ಲೆಂಡಿನ ಉಗ್ರಾಣಕ್ಕಿಂತ ಬೆಂಗಳೂರಿನ ಉಗ್ರಾಣದಲ್ಲಿ ಆವಿಯಾಗುವ ಒಲವು ಎರಡೂವರೆ ಪಟ್ಟು. ಇದರ ಮೇಲೆ ಬೆಂಗಳೂರಿನ ಒಣಗಾಳಿ. ಹೀಗೆ ಹಾರಿಹೋಗುವ ಭಾಗಕ್ಕೆ ಪಶ್ಚಿಮದವರು ದೇವದೂತರ ಪಾಲು ಎಂದು ಹೆಸರಿಟ್ಟಿದ್ದಾರೆ. ಸ್ಕಾಟ್‌ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡಾ 2ರ ಸುಮಾರು; ಬೆಂಗಳೂರಿನಲ್ಲಿ ಶೇಕಡಾ 10ರಿಂದ 12. ಶೇಕಡಾ 11 ಎಂದೇ ಹಿಡಿದು ಲೆಕ್ಕ ಮಾಡೋಣ. 200 ಲೀಟರಿನಲ್ಲಿ ನಾಲ್ಕು ವರ್ಷಕ್ಕೆ ಬೆಂಗಳೂರಿನಲ್ಲಿ ಉಳಿಯುವುದು 125 ಲೀಟರ್, ಎಂಟು ವರ್ಷಕ್ಕೆ 79, ಹನ್ನೆರಡು ವರ್ಷಕ್ಕೆ 49. ಸ್ಕಾಟ್‌ಲೆಂಡಿನಲ್ಲಿ ಹನ್ನೆರಡು ವರ್ಷ ಕಳೆದರೂ 157 ಲೀಟರ್ ಉಳಿದಿರುತ್ತದೆ. ಅಮೃತ್ ಸಂಸ್ಥೆಯು 2013ರಲ್ಲಿ ಎಂಟು ವರ್ಷದ ವಿಸ್ಕಿಯೊಂದನ್ನು ಹೊರತಂದಾಗ ಅದಕ್ಕೆ ದುರಾಸೆಯ ದೇವದೂತರು ಎಂಬರ್ಥದ ಹೆಸರಿಟ್ಟುದು ಬರಿಯ ವಿನೋದವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೆಂಗಳೂರಿನ ಒಂದು ವರ್ಷವು ಸ್ಕಾಟ್‌ಲೆಂಡಿನ ಮೂರು ವರ್ಷಕ್ಕೆ ಸಮವೆಂದು ವ್ಯಾಪಾರಿಗಳು ಹೇಳುವುದುಂಟು. ಇದನ್ನು ನಾವು ಸೂತ್ರವೆಂದು ಒಪ್ಪಲಾರೆವು. ಮರದ ಸತ್ವವು ಇಳಿಯುವ ವೇಗ ಬೇರೆ, ಆಮ್ಲಜನಕದೊಡನೆ ನಡೆಯುವ ನಿಧಾನವಾದ ಮಾರ್ಪಾಡುಗಳ ವೇಗ ಬೇರೆ, ಆವಿಯಾಗುವ ವೇಗ ಬೇರೆ. ಉಷ್ಣತೆಯು ಏರಿದಾಗ ಇವೆಲ್ಲವೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಮಾಗುವುದೆಂಬುದು ಒಂದು ಗಡಿಯಾರವಲ್ಲ, ಬೇರೆ ಬೇರೆ ವೇಗದಲ್ಲಿ ಓಡುವ ಹಲವು ಗಡಿಯಾರಗಳು. ಆದುದರಿಂದ ಬೆಂಗಳೂರಿನದು ಸ್ಕಾಚ್‌ನ ಅವಸರದ ನಕಲಲ್ಲ, ಬೇರೊಂದು ಪದಾರ್ಥ.

ಅದೇ ಪೀಪಾಯಿಯನ್ನು ಹೊಸನಗರದ ಸೀಮೆಗೆ ತಂದಿಟ್ಟರೆ ಏನಾದೀತು? ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿಯ ಗಾಳಿಯು ನೀರಾವಿಯಿಂದ ತುಂಬಿ ತುಳುಕುತ್ತಿರುತ್ತದೆ. ಒಗೆದ ಬಟ್ಟೆ ವಾರವಾದರೂ ಒಣಗದೆ ಮುಗ್ಗಲು ಹಿಡಿಯುತ್ತದೆ. ಅಂಥ ಗಾಳಿಗೆ ಪೀಪಾಯಿಯಿಂದ ನೀರು ಹೊರಟು ಸೇರಲಾರದು. ಗಾಳಿಯಲ್ಲಿ ಮದ್ಯಸಾರದ ಆವಿಯಾದರೋ ಇಲ್ಲವೇ ಇಲ್ಲ. ಆದುದರಿಂದ ಅದು ಎಂದಿನಂತೆ ಹೊರಡುತ್ತಲೇ ಇರುತ್ತದೆ. ಪರಿಣಾಮವೇನೆಂದರೆ ಒಳಗಿನ ದ್ರವದ ತೀಕ್ಷ್ಣತೆಯು ವರ್ಷವರ್ಷಕ್ಕೆ ಇಳಿಯುತ್ತದೆ. ಬಹಳ ಒಣಗಿದ ಊರಿನಲ್ಲಿ ಇದಕ್ಕೆ ವಿರುದ್ಧವಾಗಿ ನೀರೇ ಹೆಚ್ಚಾಗಿ ಹಾರಿ ತೀಕ್ಷ್ಣತೆಯು ಏರುವುದುಂಟು. ಬೆಂಗಳೂರಿನ ಇನ್ನೊಂದು ಸಂಸ್ಥೆಯಾದ ಜಾನ್ ಡಿಸ್ಟಿಲರೀಸ್‌ನವರು ಪಾಲ್ ಜಾನ್ ಎಂಬ ವಿಸ್ಕಿಯನ್ನು ಮಾಗಿಸುವುದು ಕಡಲತೀರದ ಗೋವೆಯಲ್ಲಿ. ಹರಿಯಾಣದ ಇಂದ್ರಿಯಲ್ಲಿ ಚಳಿಗಾಲದ ಕೊರೆತವೂ ಬೇಸಿಗೆಯ ಬಿರುಬಿಸಿಲೂ ಪೀಪಾಯಿಗೆ ತಗಲುತ್ತವೆ. ಮೂರೂ ಭಾರತದ ವಿಸ್ಕಿಗಳೇ. ಮೂರನ್ನೂ ಒಂದೇ ಮಾತಿನಲ್ಲಿ ಉಷ್ಣದೇಶದ ವಿಸ್ಕಿಯೆಂದು ಸೇರಿಸಿಬಿಡುವುದು ಆಗುಂಬೆಯನ್ನೂ ಬಳ್ಳಾರಿಯನ್ನೂ ಒಂದೇ ಹವೆಯ ಊರುಗಳೆಂದಂತೆ.

ಪೀಪಾಯಿಗೆ ಪೂರ್ವಚರಿತ್ರೆಯೂ ಉಂಟು. ಅಮೆರಿಕದ ಬೂರ್ಬನ್ ವಿಸ್ಕಿಗೆ ಪ್ರತಿಸಲವೂ ಹೊಸ ಪೀಪಾಯಿಯೇ ಆಗಬೇಕೆಂದು ಅಲ್ಲಿಯ ಕಾನೂನು. ಒಮ್ಮೆ ಬಳಸಿದ ಪೀಪಾಯಿಗಳು ಸ್ಕಾಟ್‌ಲೆಂಡಿಗೂ ಬೆಂಗಳೂರಿಗೂ ಬರುವುದಕ್ಕೆ ಇದೇ ಕಾರಣ. ಇವುಗಳಲ್ಲಿ ಮಾಗಿದುದರಲ್ಲಿ ವೆನಿಲ್ಲಾ, ಜೇನು, ಕೊಬ್ಬರಿಯ ವಾಸನೆ ಮುಂದಾಗಿರುತ್ತದೆ; ಕೊಬ್ಬರಿಯದು ಓಕಿನ ಲ್ಯಾಕ್ಟೋನ್ ಎಂಬ ದ್ರವ್ಯದ ಕೆಲಸ. ಸ್ಪೇನಿನ ಶೆರಿ ಎಂಬ ದ್ರಾಕ್ಷಾಮದ್ಯ ತುಂಬಿದ್ದ ಪೀಪಾಯಿಯು ಒಣದ್ರಾಕ್ಷಿ, ಖರ್ಜೂರ, ಹಳೆಯ ಬೆಲ್ಲದ ಕಡೆಗೆ ಎಳೆಯುತ್ತದೆ. ಹೊಗೆಯ ವಾಸನೆಯಾದರೋ ಮರದಿಂದ ಬಂದುದಲ್ಲ. ಜೌಗುನೆಲದಲ್ಲಿ ಅರೆಕೊಳೆತ ಸಸ್ಯಗಳಿಂದಾದ ಪೀಟ್ ಎಂಬ ಮಣ್ಣನ್ನು ಉರಿಸಿ ಬಾರ್ಲಿಯನ್ನು ಒಣಗಿಸಿದಾಗ ಫೀನಾಲ್ ಜಾತಿಯ ದ್ರವ್ಯಗಳು ಕಾಳಿಗೆ ಅಂಟುತ್ತವೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದ ಪದಾರ್ಥಗಳ ವಾಸನೆಯನ್ನು ಬಲ್ಲವರು ಅದನ್ನು ಥಟ್ಟನೆ ಗುರುತಿಸಬಲ್ಲರು. ಅಮೃತ್‌ನವರ ಫ್ಯೂಷನ್ ಎಂಬ ವಿಸ್ಕಿಯಲ್ಲಿ ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್‌ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ. ಎರಡನ್ನೂ ಬೇರೆ ಬೇರೆಯಾಗಿ ಬಟ್ಟಿಯಿಳಿಸಿ, ಮಾಗಿಸಿ, ಕಡೆಗೆ ಕೂಡಿಸುತ್ತಾರೆ. 2010ರ ಆವೃತ್ತಿಯ ತಮ್ಮ ವಿಸ್ಕಿ ಕೈಪಿಡಿಯಲ್ಲಿ ಇಂಗ್ಲೆಂಡಿನ ಜಿಮ್ ಮರೆಯವರು ಇದಕ್ಕೆ ನೂರಕ್ಕೆ 97 ಅಂಕಗಳನ್ನಿತ್ತು ಲೋಕದಲ್ಲಿ ಮೂರನೆಯದೆಂದು ಎಣಿಸಿದರು.

ಇನ್ನು ಬಟ್ಟಲಿಗೆ ಬರೋಣ. ಬಟ್ಟಲನ್ನು ಅಲುಗಿಸಿದಾಗ ಒಳಮೈಯಲ್ಲಿ ಕಂಬನಿಯಂತೆ ಹನಿಗಳು ಇಳಿಯುತ್ತವೆ. ಇವನ್ನು ಕಂಡು ಉತ್ತಮ ಮದ್ಯವೆಂದು ತಲೆದೂಗುವವರುಂಟು. 1855ರಲ್ಲಿಯೇ ಜೇಮ್ಸ್ ಥಾಮ್ಸನ್ ಎಂಬ ವಿಜ್ಞಾನಿ (ಲಾರ್ಡ್ ಕೆಲ್ವಿನ್ನರ ಅಣ್ಣ) ಇದರ ಕಾರಣವನ್ನು ತಿಳಿಸಿದ್ದಾನೆ: ಅಂಚಿನ ತೆಳುಪೊರೆಯಿಂದ ಮದ್ಯಸಾರವು ಬೇಗ ಹಾರಿ, ಅಲ್ಲಿ ಮೇಲ್ಮೈ ಎಳೆತವು ಹೆಚ್ಚಿ, ದ್ರವವನ್ನು ಮೇಲಕ್ಕೆಳೆಯುತ್ತದೆ, ಅದು ಭಾರವಾಗಿ ಹನಿಯಾಗಿ ಇಳಿಯುತ್ತದೆ. ಹನಿಗಳು ಮುಖ್ಯವಾಗಿ ಸಾರುವುದು ತೀಕ್ಷ್ಣತೆಯನ್ನು, ಗುಣವನ್ನಲ್ಲ. ಬಣ್ಣವೂ ನಂಬತಕ್ಕ ಸಾಕ್ಷಿಯಲ್ಲ. ಸುಟ್ಟ ಸಕ್ಕರೆಯ ಬಣ್ಣವನ್ನು ಬೆರೆಸಲು ಸ್ಕಾಟ್‌ಲೆಂಡಿನ ಕಾನೂನೇ ಅವಕಾಶ ಕೊಡುತ್ತದೆ.

ನೀರು ಹಾಕುವುದೋ ಬೇಡವೋ ಎಂಬ ಜಗಳಕ್ಕೂ ಭೌತವಿಜ್ಞಾನದ ಉತ್ತರವುಂಟು. ಮದ್ಯಸಾರವು ತೀಕ್ಷ್ಣವಾಗಿದ್ದರೆ, ಮೆಣಸಿನಕಾಯಿಯ ಖಾರವನ್ನರಿಯುವ ನರತುದಿಗಳನ್ನೇ ಕೆರಳಿಸಿ ಉರಿಯನ್ನುಂಟುಮಾಡುತ್ತದೆ. ಉರಿಯಲ್ಲಿ ಸೂಕ್ಷ್ಮರುಚಿ ಮುಳುಗಿಹೋಗುತ್ತದೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾನಿಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಎಂಬವರು ಗಣಕಯಂತ್ರದ ಲೆಕ್ಕದಿಂದ ಇನ್ನೊಂದು ಅಂಶವನ್ನು ತೋರಿಸಿದರು. ಹೊಗೆವಾಸನೆಯ ಗ್ವಾಯಕಾಲ್ ಎಂಬ ದ್ರವ್ಯವು, ಮದ್ಯಸಾರವು ಶೇಕಡಾ 59ನ್ನು ಮೀರಿದ್ದಾಗ, ಅದರ ಅಣುಗಳಿಂದ ಸುತ್ತುವರಿಯಲ್ಪಟ್ಟು ದ್ರವದ ಒಡಲಿನಲ್ಲಿಯೇ ಅಡಗಿರುತ್ತದೆ. ನೀರು ಸೇರಿ ಶೇಕಡಾ 45ಕ್ಕೆ ಇಳಿದಾಗ ಮೇಲ್ಮೈಯ ಬಳಿಗೆ ಬರುತ್ತದೆ. ಮೂಗಿಗೆ ಸಿಕ್ಕುವುದು ಮೇಲ್ಮೈಯಲ್ಲಿರುವುದಷ್ಟೇ. ವೃತ್ತಿಪರ ಪರೀಕ್ಷಕರು ಶೇಕಡಾ 20ರವರೆಗೂ ನೀರು ಬೆರೆಸಿ ಮೂಸಿ ನೋಡುವರು. ಅಪ್ಪಟವಾಗಿಯೇ ಸವಿಯಬೇಕೆಂಬುದು ಶೌರ್ಯವಿರಬಹುದು, ಪರೀಕ್ಷೆಯಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಮನಸ್ಸು. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ, ಬಿಳಿಯ ದ್ರಾಕ್ಷಾಮದ್ಯಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ, ದ್ರಾಕ್ಷಾಮದ್ಯದ ಶಾಸ್ತ್ರವನ್ನೇ ಕಲಿಯುತ್ತಿದ್ದ 54 ಮಂದಿಗೆ ಕೊಟ್ಟರು. ಅವರು ಅದರ ಪರಿಮಳವನ್ನು ವರ್ಣಿಸಿದುದು ಕೆಂಪು ಮದ್ಯಕ್ಕೆ ಸಲ್ಲುವ ಶಬ್ದಗಳಿಂದ. ಬಣ್ಣವೇ ಇಷ್ಟು ಮಾಡಿದರೆ ಸೀಸೆಯ ಮೇಲಿನ ಊರಿನ ಹೆಸರು ಏನು ಮಾಡಲಾರದು? ಆದುದರಿಂದ ತೀರ್ಪು ಬೇಕಾದರೆ ಹೆಸರನ್ನು ಮರೆಮಾಡಬೇಕು, ಬಣ್ಣದ ಗಾಜಿನ ಬಟ್ಟಲಿನಲ್ಲಿ ಕೊಡಬೇಕು, ತೀಕ್ಷ್ಣತೆಯನ್ನು ಸಮಮಾಡಬೇಕು. ಹಾಗೆ ಮಾಡಿದ ಮೇಲೂ ಆಕಸ್ಮಿಕವನ್ನು ಎಣಿಸಬೇಕು. ಹಾಲನ್ನು ಮೊದಲು ಹಾಕಿದರೋ ಚಹವನ್ನು ಮೊದಲು ಹಾಕಿದರೋ ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಯ ಪರೀಕ್ಷೆಯನ್ನು ರೊನಾಲ್ಡ್ ಫಿಷರ್ 1935ರ ತನ್ನ ಗ್ರಂಥದಲ್ಲಿ ವಿವೇಚಿಸಿದ್ದಾನೆ. ಎಂಟು ಬಟ್ಟಲುಗಳಲ್ಲಿ ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಎಲ್ಲವನ್ನೂ ಬರಿಯ ಊಹೆಯಿಂದ ಸರಿಯಾಗಿ ಹೇಳುವ ಸಂಭವವು 70ರಲ್ಲಿ 1.

ವಿಸ್ಕಿಗೂ ಇಂಥದೊಂದು ಸರಳ ವಿಧಾನವುಂಟು. ಮೂರು ಬಟ್ಟಲುಗಳನ್ನಿಟ್ಟು, ಎರಡರಲ್ಲಿ ಸ್ಕಾಟ್‌ಲೆಂಡಿನದನ್ನೂ ಒಂದರಲ್ಲಿ ಬೆಂಗಳೂರಿನದನ್ನೂ ಹಾಕಿ, ಬೇರೆಯಾದುದು ಯಾವುದೆಂದು ಕೇಳಬೇಕು. ಕಣ್ಣುಮುಚ್ಚಿ ಬೆರಳು ತೋರಿಸಿದರೂ 24 ಮಂದಿಯಲ್ಲಿ ಸರಾಸರಿ 8 ಮಂದಿ ಸರಿಯಾಗಿ ಹೇಳುವರು. ಕಡಮೆಯೆಂದರೆ 13 ಮಂದಿಯಾದರೂ ಸರಿಯಾಗಿ ಹೇಳಿದರಷ್ಟೇ ಎರಡಕ್ಕೂ ನಿಜವಾದ ಅಂತರವುಂಟೆಂದು ಶೇಕಡಾ 95ರ ಭರವಸೆಯಿಂದ ನಂಬಬಹುದು. ಇದಾದರೂ ಬೇರೆ ಎಂಬುದನ್ನು ಮಾತ್ರ ತಿಳಿಸುತ್ತದೆ, ಮೇಲು ಎಂಬುದನ್ನಲ್ಲ. ಮೇಲು ಕೀಳುಗಳನ್ನು ಕೇಳುವುದು ಇನ್ನೊಂದು ಪ್ರಶ್ನೆ, ಅದಕ್ಕೆ ಇನ್ನೊಂದು ಪ್ರಯೋಗ. ನೂರಕ್ಕೆ 97 ಎಂಬ ಅಂಕವು ಬೆಂಗಳೂರಿಗೆ ಕೀರ್ತಿಯನ್ನು ತಂದುದು ನಿಜವೇ, ನಮಗೂ ಸಂತೋಷವೇ. ಆದರೆ ಅದು ಒಬ್ಬನೇ ಮನುಷ್ಯನ ಮೂಗು ನಾಲಗೆಗಳು ಕೊಟ್ಟ ಅಂಕ. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಅಳತೆಯನ್ನು ಬರೆದು, ಎಷ್ಟು ಹೆಚ್ಚುಕಡಮೆಯಾಗಬಹುದೆಂಬುದನ್ನು ಅದರ ಪಕ್ಕದಲ್ಲಿ ಬರೆಯದೆ ತಂದರೆ, ನಾವು ಆ ಪುಸ್ತಕವನ್ನು ಹಿಂದಕ್ಕೆ ಕೊಡುತ್ತೇವೆ. ಅದೇ ಪರೀಕ್ಷಕನಿಗೆ ಅದೇ ವಿಸ್ಕಿಯನ್ನು ಹೆಸರು ಹೇಳದೆ ಹತ್ತು ಸಲ, ಹತ್ತು ಬೇರೆ ದಿನಗಳಲ್ಲಿ ಕೊಟ್ಟರೆ ಹತ್ತು ಅಂಕಗಳೂ 97ರ ಎಷ್ಟು ಹತ್ತಿರ ನಿಲ್ಲುವುವೆಂಬುದನ್ನು ಆ ಕೈಪಿಡಿಗಳು ಅಂಕದ ಪಕ್ಕದಲ್ಲಿ ಅಚ್ಚು ಹಾಕುವುದಿಲ್ಲ.