ಮೂಕಿಯ ಮೇಲಿನ ಭಾರ

ಎತ್ತಿನ ಗಾಡಿಗೆ ಹೇರು ಹೇರುವಾಗ ಮುಂಭಾರವೂ ಆಗಬಾರದು, ಹಿಂಭಾರವೂ ಆಗಬಾರದೆಂಬುದು ನಮ್ಮ ಗಾಡಿಕಾರರೆಲ್ಲರೂ ಬಲ್ಲ ಸಂಗತಿ. ಮುಂಭಾರವಾದರೆ ನೊಗವು ಎತ್ತಿನ ಕತ್ತನ್ನು ಜಜ್ಜುವುದು. ಹಿಂಭಾರವಾದರೆ ಮೂಕಿಯು ಮೇಲೆದ್ದು ಕೊರಳ ಹಗ್ಗವು ಉಸಿರು ಕಟ್ಟಿಸುವುದು. ಈ ಹಳೆಯ ನ್ಯಾಯವೇ ಅಮೆರಿಕಾ ದೇಶದ ಹೆದ್ದಾರಿಗಳಲ್ಲಿ ಮನುಷ್ಯರ ಪ್ರಾಣವನ್ನು ಕಾಯುತ್ತಿರುವುದನ್ನು, ಅಲ್ಲಿ ನೆಲೆಸಿರುವ ಮಗನ ಮನೆಗೆ ಹೋಗಿದ್ದಾಗ ಕಂಡೆನು.

ಆ ದೇಶದ ಗೃಹಸ್ಥರು ಅಡಿಗೆಯ ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ಅಡಕವಾಗಿರುವ ಚಕ್ರದ ಮನೆಯೊಂದನ್ನು ಮೋಟಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೊರಡುವರು. ಇದಕ್ಕೆ ಟ್ರಾವೆಲ್ ಟ್ರೈಲರು ಎಂದು ಹೆಸರು. ಇವುಗಳಲ್ಲಿ ಪ್ರಸಿದ್ಧವಾದ, ಅಲ್ಯೂಮಿನಿಯಮ್ ಮೈಯ ಏರ್‌ಸ್ಟ್ರೀಮ್ ಕ್ಲಿಪರು 1936ರಲ್ಲಿಯೇ ಹೊರಬಂದಿತು. ಟ್ರೈಲರಿನ ಮೂತಿಯು ಮೋಟಾರಿನ ಹಿಂಬದಿಯ ಉಕ್ಕಿನ ಗುಂಡೊಂದರ ಮೇಲೆ ಕುಳಿತಿರುವುದು. ಆ ಗುಂಡಿನ ಮೇಲೆ ಬೀಳುವ ಭಾರವು ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟಿರಬೇಕೆಂಬುದು ಅಲ್ಲಿನ ನಿಯಮ. 2000 ಕಿಲೋಗ್ರಾಮಿನ ಟ್ರೈಲರಿಗೆ ಇದು 200ರಿಂದ 300 ಕಿಲೋಗ್ರಾಮು.

ನಮ್ಮ ಪ್ರವಾಸದಲ್ಲಿ ಈ ನಿಯಮವು ಮರೆತುಹೋಯಿತು. ಹಿಂಬದಿಯ ತೊಟ್ಟಿಯ ತುಂಬ ನೀರು, ಅದರ ಹಿಂದೆ ಮೊಮ್ಮಕ್ಕಳ ಎರಡು ಸೈಕಲ್ಲುಗಳು. ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದೊಡನೆ ಟ್ರೈಲರು ಹಾವಿನ ಬಾಲದಂತೆ ಎಡಬಲಕ್ಕೆ ಆಡತೊಡಗಿತು. ಮೋಟಾರೂ ಅದರೊಡನೆ ತುಯ್ಯಿತು. ಮಕ್ಕಳು ಚೀರಿಕೊಂಡರು.

ಇದಕ್ಕೆ ಕಾರಣವೇನು? ಬೀಸುಗಾಳಿಯೋ ಲಾರಿಯ ಗಾಳಿಯೋ ತಗುಲಿದಾಗ ಟ್ರೈಲರು ಆ ಗುಂಡನ್ನೇ ತಿರುಗಣೆ ಮಾಡಿಕೊಂಡು ಓಲಾಡುವುದು. ಭಾರವು ಅಚ್ಚಿನ ಮುಂದಿದ್ದರೆ ಓಲಾಟವು ತಾನಾಗಿ ಅಡಗುವುದು. ಹಿಂದಿದ್ದರೆ, ವೇಗವು ಒಂದು ಮಿತಿಯನ್ನು ದಾಟಿದೊಡನೆ, ಒಂದೊಂದು ಓಲಾಟವೂ ಹಿಂದಿನದಕ್ಕಿಂತ ಹಿರಿದಾಗುತ್ತ ಕಡೆಗೆ ಬಂಡಿಯನ್ನೇ ಉರುಳಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರು ಎಳೆಯುವವರಿಗೆ ಗಂಟೆಗೆ 55 ಮೈಲಿಯ ಮಿತಿಯಿರುವುದು ಸುಮ್ಮನೆ ಅಲ್ಲ.

ಆಗ ಗಾಬರಿಯಿಂದ ಮೋಟಾರಿನ ಬ್ರೇಕನ್ನು ಒಮ್ಮೆಲೇ ಒತ್ತಬಾರದು. ವೇಗವನ್ನು ಹೆಚ್ಚಿಸಲೂ ಬಾರದು. ನನ್ನ ಮಗನು ಪುಣ್ಯವಶಾತ್ ಕಾಲನ್ನು ಮೇಲೆತ್ತಿ, ಚಕ್ರವನ್ನು ನೇರವಾಗಿ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲನೆ ಅದುಮಿದನು. ಬಂಡಿಯು ಸ್ತಿಮಿತಕ್ಕೆ ಬಂದಿತು. ಮುಂದಿನ ತಂಗುದಾಣದಲ್ಲಿ ನೀರನ್ನು ಚೆಲ್ಲಿ, ಭಾರವಾದ ಪೆಟ್ಟಿಗೆಗಳನ್ನು ಅಚ್ಚಿನಿಂದ ಸ್ವಲ್ಪ ಮುಂದಕ್ಕೆ, ತಳಭಾಗದಲ್ಲಿಯೇ ಇಟ್ಟೆವು. ಆ ಬಳಿಕ ತೊಂದರೆಯಾಗಲಿಲ್ಲ.

ಹಾಗೆಂದು ಭಾರವನ್ನೆಲ್ಲ ಮೂತಿಗೇ ಹೇರಿದರೆ ಮೋಟಾರಿನ ಹಿಂಭಾಗವು ಕುಸಿದು ಮುಂದಿನ ಚಕ್ರಗಳು ಹಗುರವಾಗುವುವು. ತಿರುಗಿಸುವುದೂ ನಿಲ್ಲಿಸುವುದೂ ಕಷ್ಟವಾಗುವುದು. ಆದುದರಿಂದ ಕಣ್ಣಂದಾಜನ್ನು ನಂಬದೆ, ಸಾಮಾನು ತುಂಬಿದ ಮೇಲೆ ಮೂತಿಯನ್ನು ತೂಗಿ ನೋಡಿಯೇ ಹೊರಡುವುದು ಲೇಸು. ಮಕ್ಕಳು ಆ ದೇಶದಲ್ಲಿರುವ ವಾಚಕರು ಈ ಮಾತನ್ನು ಅವರಿಗೆ ತಿಳಿಸಿದರೆ ನನ್ನ ಬರಹವು ಸಾರ್ಥಕ.